ಅರುಂಧತೀನ್ಯಾಯ

ಪಾಠಶಾಲೆಯಲ್ಲಿ ನಾವು ಕಲಿತ ಲೌಕಿಕನ್ಯಾಯಗಳಲ್ಲಿ ಸ್ಥೂಲಾರುಂಧತೀನ್ಯಾಯವೆಂಬುದು ಒಂದು. ನವವಧುವಿಗೆ ಅರುಂಧತೀನಕ್ಷತ್ರವನ್ನು ತೋರಿಸಬೇಕಾದವನು ಮೊದಲು ಅದರ ಸಮೀಪದಲ್ಲಿರುವ ದೊಡ್ಡ ನಕ್ಷತ್ರವನ್ನು ತೋರಿಸಿ, ಅದೋ ಅರುಂಧತಿಯೆನ್ನುತ್ತಾನೆ. ಅವಳ ದೃಷ್ಟಿ ಅಲ್ಲಿ ನೆಲೆನಿಂತ ಬಳಿಕ, ಅದಲ್ಲ, ಅದಕ್ಕೆ ತಗುಲಿದಂತೆ ಸೂಕ್ಷ್ಮವಾಗಿ ಮಿನುಗುತ್ತಿರುವುದೇ ಅರುಂಧತಿಯೆಂದು ತಿದ್ದುತ್ತಾನೆ. ಸ್ಥೂಲದಿಂದ ಸೂಕ್ಷ್ಮಕ್ಕೆ ಶಿಷ್ಯನನ್ನು ಕೈಹಿಡಿದು ನಡೆಯಿಸುವ ಬೋಧನಕ್ರಮಕ್ಕೆ ವೇದಾಂತಿಗಳು ಇದನ್ನು ದೃಷ್ಟಾಂತವಾಗಿ ಹೇಳುವರು. ನಾನು ಭಾಲ್ಕಿ ಔರಾದ ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯನಾಗಿದ್ದು, ಈ ನ್ಯಾಯವನ್ನು ಎಷ್ಟು ಸಲ ವಿವರಿಸಿದೆನೋ ಲೆಕ್ಕವಿಲ್ಲ. ಆದರೆ ಅರುಂಧತಿಯನ್ನು ಮಾತ್ರ ಒಂದು ಸಲವಾದರೂ ಕಂಡಿರಲಿಲ್ಲ. ಈ ಮಾತನ್ನು ಬರೆಯುವುದಕ್ಕೆ ಈಗಲೂ ಲಜ್ಜೆಯಾಗುತ್ತದೆ. ಆದರೂ ಇದನ್ನು ಬರೆಯದೆ ಮುಂದಿನದನ್ನು ಹೇಳುವ ಹಾಗಿಲ್ಲ.

2004ನೆಯ ಇಸವಿಯ ವೈಶಾಖದಲ್ಲಿ ಭಾಲ್ಕಿಯಲ್ಲಿ ಒಂದು ವಿವಾಹ ನಡೆಯಿತು. ವಧು ನನ್ನ ಶಿಷ್ಯೆ. ಜಾಣೆ, ಹೇಳಿದುದನ್ನು ಕೇಳಿ ಸುಮ್ಮನಾಗದೆ ಏಕೆ ಹೇಗೆ ಎಂದು ವಿಚಾರಿಸುವ ಸ್ವಭಾವದವಳು. ಮನೆಯವರ ಒತ್ತಾಯಕ್ಕೆ ಕಟ್ಟುಬಿದ್ದು ನಾನು ಪುರೋಹಿತರ ಮಗ್ಗುಲಲ್ಲಿ ಕುಳಿತು ಮಂತ್ರ ಹೇಳುತ್ತಿದ್ದೆನು. ಮುಹೂರ್ತವು ನಡುಹಗಲಿಗೆ ಇದ್ದಿತು. ಅರುಂಧತೀದರ್ಶನದ ಹೊತ್ತು ಬರಲು, ಪುರೋಹಿತರು ನನಗೆ ಸನ್ನೆ ಮಾಡಿದರು. ನಾನು ವಧೂವರರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಉತ್ತರದ ಕಡೆಗೆ ಕೈಯೆತ್ತಿ, "ನೋಡಿರಿ, ಅರುಂಧತಿ" ಎಂದೆನು. ಆ ಹುಡುಗಿ ಹಣೆಗೆ ಕೈಯಿಟ್ಟು ಬಿಸಿಲಿನಲ್ಲಿ ಕಣ್ಣು ಕಿರಿದುಮಾಡಿ ನೋಡಿ, ಮೆಲ್ಲನೆ, "ಹಗಲ ಹೊತ್ತಿನ್ಯಾಗ ಚುಕ್ಕಿ ಹ್ಯಾಂಗ ಕಾಣ್ತಾವ್ರಿ ಸರ?" ಎಂದಳು. ಸುತ್ತಲಿದ್ದವರು ನಕ್ಕರು. ನಾನು, "ಕಾಣಿಸಿತು ಅನ್ನವ್ವ, ಸಾಕು" ಎಂದೆನು. ಅವಳು ತಲೆ ತಗ್ಗಿಸಿ "ಕಾಣಿಸಿತು" ಎಂದಳು. ಸತ್ಯವನ್ನು ಹೇಳು, ಧರ್ಮವನ್ನು ಆಚರಿಸು ಎಂದು ಯಾವಳಿಗೆ ಬೋಧಿಸಿದ್ದೆನೋ ಅವಳ ಬಾಯಿಂದ ಅವಳ ಮದುವೆಯ ದಿನ ನಾನೇ ಒಂದು ಸುಳ್ಳನ್ನು ನುಡಿಸಿದೆನು. ಆ ದಿನ ಅದು ನನಗೆ ಸುಳ್ಳೆಂದೂ ತೋರಲಿಲ್ಲ.

ಬಹುಕಾಲದ ಮೇಲೆ ಲೆಕ್ಕ ಹಾಕಿ ನೋಡಿದಾಗ ಇನ್ನೂ ಒಂದು ಸಂಗತಿ ತಿಳಿಯಿತು. ವೈಶಾಖದ ನಡುಹಗಲಿನಲ್ಲಿ ನಮ್ಮ ಪ್ರಾಂತದ ಆಕಾಶದಲ್ಲಿ ಅರುಂಧತಿಯು ಇರುವುದೇ ಇಲ್ಲ. ಸೂರ್ಯನ ಬೆಳಕು ಅಡ್ಡಬಂದು ಕಾಣದೆ ಹೋಗುವ ಮಾತು ಬೇರೆ. ಆ ಹೊತ್ತಿಗೆ ಅವಳು ಕ್ಷಿತಿಜದ ಕೆಳಗೆ ಇದ್ದು, ಇನ್ನೆರಡು ಮೂರು ಗಂಟೆ ಕಳೆದ ಬಳಿಕ ಈಶಾನ್ಯದಲ್ಲಿ ಉದಯಿಸುವಳು. ನಾನು ಕೈಯೆತ್ತಿ ತೋರಿಸಿದ ಕಡೆಯಲ್ಲಿ ತೋರಿಸಬೇಕಾದ ವಸ್ತುವೇ ಇರಲಿಲ್ಲ.

ನನ್ನ ಕಣ್ಣು ತೆರೆಯಿಸಿದವಳು ನನ್ನ ಮೊಮ್ಮಗಳು. ನಾನು ನಿವೃತ್ತನಾದ ವರ್ಷ, 2018ರ ಬೇಸಿಗೆಯಲ್ಲಿ, ಮಗನ ಮನೆಯಲ್ಲಿರಲು ಔರಾದಕ್ಕೆ ಹೋಗಿದ್ದೆನು. ಸೆಕೆಯ ದಿನಗಳು; ರಾತ್ರಿ ಎಲ್ಲರೂ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುವ ರೂಢಿ. ಏಳು ವರ್ಷದ ಆ ಮಗು ನನ್ನ ತೋಳಿನ ಮೇಲೆ ತಲೆಯಿಟ್ಟು ಕಥೆ ಕೇಳುತ್ತಿದ್ದವಳು ಎದ್ದು ಕುಳಿತು, "ಮುತ್ಯಾ, ನೀ ಸಾಲ್ಯಾಗ ಎಲ್ಲಾ ಕಲಿಸೀದಿ ಅಂತಾರ. ಆ ಅರುಂಧತಿ ಎಲ್ಲಿ ಅದಾಳ ತೋರ್ಸು" ಎಂದಳು. ಆಕಾಶವು ನಿರ್ಮಲವಾಗಿ, ಚುಕ್ಕಿಗಳಿಂದ ತುಂಬಿದ್ದಿತು. ಅಶ್ವಿನಿಯಿಂದ ರೇವತಿಯವರೆಗೆ ಇಪ್ಪತ್ತೇಳನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ನಾನು ಅವುಗಳಲ್ಲಿ ಒಂದನ್ನೂ ಬೆರಳಿಟ್ಟು ತೋರಿಸಲಾರದೆ ಹೋದೆನು. "ನಾಳೆ ತೋರಿಸುತ್ತೇನೆ" ಎಂದು ಹೇಳಿ ಮಲಗಿಸಿದೆನು. ಆ ನಾಳೆಯು ಬರುವುದಕ್ಕೆ ಹದಿನೈದು ದಿನ ಹಿಡಿಯಿತು.

ಪುಸ್ತಕದಲ್ಲಿದ್ದ ನಕ್ಷತ್ರಪಟವನ್ನು ಹಿಡಿದು ನಾನು ಕೆಲವು ರಾತ್ರಿಗಳನ್ನು ವ್ಯರ್ಥವಾಗಿ ಕಳೆದೆನು. ಪಟದಲ್ಲಿ ಪೂರ್ವವು ಎಡಕ್ಕೂ ಪಶ್ಚಿಮವು ಬಲಕ್ಕೂ ಇದ್ದುದನ್ನು ಕಂಡು ಅದು ಮುದ್ರಣದೋಷವೆಂದು ಭ್ರಮಿಸಿದ್ದೆನು. ಭೂಪಟವನ್ನು ನಾವು ಕೆಳಗೆ ಹಾಸಿ ಮೇಲಿನಿಂದ ನೋಡುತ್ತೇವೆ. ನಕ್ಷತ್ರಪಟವನ್ನಾದರೋ ತಲೆಯ ಮೇಲೆ ಹಿಡಿದು ಕೆಳಗಿನಿಂದ ನೋಡಬೇಕು. ಹಾಗೆ ಹಿಡಿದೊಡನೆ ದಿಕ್ಕುಗಳು ತಾವಾಗಿಯೇ ಸರಿಹೋಗುವುವು. ಇದನ್ನು ಕಂಡುಹಿಡಿದವಳೂ ಆ ಮಗುವೇ, ಪಟವನ್ನು ಆಟಕ್ಕೆಂದು ಮುಖದ ಮೇಲೆ ಹಿಡಿದುಕೊಂಡು ಮಲಗಿದ್ದಾಗ. ಆ ರಾತ್ರಿ ಉತ್ತರದಲ್ಲಿ ಸಪ್ತರ್ಷಿಗಳು ಸಿಕ್ಕಿದರು: ಕ್ರತು, ಪುಲಹ, ಪುಲಸ್ತ್ಯ, ಅತ್ರಿ ಎಂಬ ನಾಲ್ವರು ಮಂಚದ ನಾಲ್ಕು ಕಾಲುಗಳಂತೆ, ಅಂಗಿರಸ, ವಸಿಷ್ಠ, ಮರೀಚಿ ಎಂಬ ಮೂವರು ಬಾಗಿದ ಬಾಲದಂತೆ. ಬಾಲದ ನಡುವಿನವನು ವಸಿಷ್ಠ. ನಾನು ನ್ಯಾಯದಲ್ಲಿ ಹೇಳಿದಂತೆಯೇ ಮೊದಲು ವಸಿಷ್ಠನನ್ನು ತೋರಿಸಿದೆನು. ನಾನು ಮುಂದಿನ ಮಾತನ್ನು ಆಡುವುದಕ್ಕೆ ಮೊದಲೇ ಮಗುವು, "ಅದರ ಬಗಲಾಗ ಇನ್ನೊಂದು ಸಣ್ಣದು ಅದ ಮುತ್ಯಾ!" ಎಂದು ಕೂಗಿತು. ನಾನೂ ಕಂಡೆನು. ಅರುವತ್ತನೆಯ ವಯಸ್ಸಿನಲ್ಲಿ ನನಗೆ ಅರುಂಧತೀದರ್ಶನವಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಆಕಾಶವೇ ಆಟದ ಬಯಲಾಗಿದೆ. ವಾಚಕರ ಮನೆಗಳಲ್ಲಿಯೂ ಮಕ್ಕಳಿರುವುದರಿಂದ, ಕಾಸು ಖರ್ಚಿಲ್ಲದೆ ಆಡಬಹುದಾದ ಈ ಆಟಗಳಲ್ಲಿ ಕೆಲವನ್ನು ಇಲ್ಲಿ ಹೇಳುವೆನು.

ಮೊದಲನೆಯದು ಮುಷ್ಟಿಯ ಆಟ. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು ಹತ್ತು ಅಂಶಗಳನ್ನು ಮುಚ್ಚುವುದು. ಕಿರುಬೆರಳು ಸುಮಾರು ಒಂದಂಶ. ಮಕ್ಕಳ ಮುಷ್ಟಿಯು ಚಿಕ್ಕದಲ್ಲವೇ ಎಂದರೆ, ಅವರ ತೋಳೂ ಅದಕ್ಕೆ ತಕ್ಕಂತೆ ಗಿಡ್ಡ. ಆದುದರಿಂದ ಅಳತೆ ಕೆಡದು. ಸಪ್ತರ್ಷಿಗಳಲ್ಲಿ ಪುಲಹ ಕ್ರತುಗಳನ್ನು ಸೇರಿಸಿದ ಗೆರೆಯನ್ನು ಅದರ ಐದರಷ್ಟು ಮುಂದಕ್ಕೆ ಎಳೆದರೆ ಧ್ರುವನು ಸಿಕ್ಕುವನು. ಕ್ಷಿತಿಜದಿಂದ ಧ್ರುವನವರೆಗೆ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಅಳೆದರೆ ಬೀದರದಲ್ಲಿ ಎರಡು ಮುಷ್ಟಿಗೆ ತುಸು ಕಡಿಮೆ, ಎಂದರೆ ಹದಿನೆಂಟು ಅಂಶ ಬರುತ್ತದೆ. ನಮ್ಮ ಊರಿನ ಅಕ್ಷಾಂಶವೂ ಅಷ್ಟೇ. ರಾಜ್ಯದ ಉತ್ತರದ ತುದಿಯಾದ ಔರಾದದಲ್ಲಿ ಅವನು ಕೂದಲೆಳೆಯಷ್ಟು ಮೇಲಿದ್ದರೆ, ಬೆಂಗಳೂರಿನಲ್ಲಿ ಹದಿಮೂರಂಶಕ್ಕೆ ಇಳಿಯುವನು, ಕನ್ಯಾಕುಮಾರಿಯಲ್ಲಿ ಒಂದು ಮುಷ್ಟಿಯೂ ಇರನು. ಭೂಮಿ ದುಂಡಗಿದೆಯೆಂಬುದನ್ನು ನಾನು ಮೂವತ್ತು ವರ್ಷ ನಿಂಬೆಯ ಹಣ್ಣಿನಿಂದ ಹೇಳಿಕೊಟ್ಟೆನು. ಪ್ರವಾಸಕ್ಕೆ ಹೋದ ಮಗುವು ಅದನ್ನು ಮುಷ್ಟಿಯಿಂದಲೇ ಕಂಡುಕೊಂಡಿತು. ಮಾಘಮಾಸದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷವುಂಟು. ಉತ್ತರದಲ್ಲಿ ಧ್ರುವನು ಹದಿನೆಂಟಂಶದ ಎತ್ತರದಲ್ಲಿರುವಾಗ, ನೇರ ದಕ್ಷಿಣದಲ್ಲಿ ಅಗಸ್ತ್ಯನು ಹತ್ತೊಂಬತ್ತೂವರೆ ಅಂಶದ ಎತ್ತರದಲ್ಲಿ ಬೆಳಗುತ್ತಾನೆ. ಮಾಳಿಗೆಯ ನಡುವೆ ನಿಂತು ಎರಡು ಕೈಗಳನ್ನೂ ಚಾಚಿದರೆ ಇಬ್ಬರೂ ತಕ್ಕಡಿಯ ಎರಡು ತಟ್ಟೆಗಳಂತೆ ತೂಗುವರು.

ಎರಡನೆಯದು ಚಂದ್ರನ ಆಟ. ಹುಣ್ಣಿಮೆಯ ಚಂದ್ರನು ಮೂಡುವಾಗ ಪರಾತದಷ್ಟು ದೊಡ್ಡದಾಗಿ ತೋರುವನು. ಅವನನ್ನು ಮುಚ್ಚುವುದಕ್ಕೆ ಎಷ್ಟು ಬೆರಳು ಬೇಕೆಂದು ಮಕ್ಕಳನ್ನು ಕೇಳಿರಿ. ಮೂರೆಂದೂ ನಾಲ್ಕೆಂದೂ ಹೇಳುವರು. ತೋಳು ಚಾಚಿ ನೋಡಿದರೆ ಒಂದು ಕಿರುಬೆರಳೇ ಅವನನ್ನು ಮರೆಮಾಡಿ ಮಿಗುವುದು! ನೆತ್ತಿಗೇರಿದ ಮೇಲೂ ಅಷ್ಟೇ. ಕಣ್ಣು ಮೋಸಹೋಗುವುದನ್ನು ಕೈಯು ಹಿಡಿದುಕೊಡುತ್ತದೆ. ಪ್ರತಿರಾತ್ರಿ ಒಂದೇ ಹೊತ್ತಿಗೆ ನೋಡಿದರೆ ಚಂದ್ರನು ನಕ್ಷತ್ರಗಳ ನಡುವೆ ಪೂರ್ವಕ್ಕೆ ಒಂದು ಮುಷ್ಟಿಯೂ ಮೂರು ಬೆರಳೂ ಸರಿದಿರುವನು. ಇದೇ ಒಂದು ನಕ್ಷತ್ರದ ನಡೆ. ಹುಣ್ಣಿಮೆಯ ದಿನ ಅವನು ಕೃತ್ತಿಕೆಯ ಬಳಿ ನಿಂತರೆ ಕಾರ್ತಿಕ, ಮೃಗಶಿರೆಯ ಬಳಿ ನಿಂತರೆ ಮಾರ್ಗಶಿರ, ಚಿತ್ರೆಯ ಬಳಿ ನಿಂತರೆ ಚೈತ್ರ. ಪಂಚಾಂಗವನ್ನು ಮುಚ್ಚಿಟ್ಟು ಆಕಾಶದಿಂದ ಮಾಸವನ್ನು ಹೇಳುವ ಪಂತವನ್ನು ನಾವು ಕಟ್ಟುತ್ತೇವೆ. ಸೋತವರು ಮರುದಿನ ನೀರು ತುಂಬಬೇಕು.

ಅಮಾವಾಸ್ಯೆಯಾದ ಮೇಲೆ ಮೊದಲ ಎಳೆಚಂದ್ರನನ್ನು ಕಾಣುವುದೂ ಒಂದು ಆಟವೇ. ಬೀದರದಲ್ಲಿ ನಮ್ಮ ಮನೆಯ ಮಾಳಿಗೆಗೂ ನೆರೆಮನೆಯ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ. ನೆರೆಯವರು ಉರ್ದು ಕಲಿಸುತ್ತಿದ್ದ ನಿವೃತ್ತ ಉಪಾಧ್ಯಾಯರು. ರಮ್ಜಾನಿನ ಕೊನೆಯ ಸಾಯಂಕಾಲ ಅವರ ಮೊಮ್ಮಕ್ಕಳು ಆ ಕಡೆ, ನಮ್ಮವರು ಈ ಕಡೆ ನಿಂತು, ಸೂರ್ಯನು ಮುಳುಗಿದ ತಾಣದ ಮೇಲೆ ಕಣ್ಣು ನೆಟ್ಟು, ಯಾರು ಮೊದಲು ಕೂಗುವರೆಂದು ಸ್ಪರ್ಧಿಸುವರು. ಅವರಿಗೆ ಅದು ಈದಿನ ಚಾಂದ. ನಮ್ಮ ಪಂಚಾಂಗದಲ್ಲಿ ಅದೇ ಸಂಜೆಗೆ ಚಂದ್ರದರ್ಶನವೆಂದು ಬರೆದಿರುತ್ತದೆ. ಎಳೆಯ ಕಣ್ಣಿಗೆ ಮೊದಲು ಬಿದ್ದವನು ಎರಡು ಮನೆಯ ಸಿಹಿಯನ್ನೂ ತಿನ್ನುವನು.

ಮೂರನೆಯದು ಒಗಟು. ನಮ್ಮ ರೈತರೆಲ್ಲರೂ ಮಿರಗದ ಮಳೆಯನ್ನು ಬಲ್ಲರು; ಜೂನ್ 7ರ ಸುಮಾರಿಗೆ ಮಿರಗ ಕೂಡಿತೆಂದು ಬಿತ್ತನೆಗೆ ಅಣಿಯಾಗುವರು. ಹಾಗಾದರೆ ಆ ದಿನ ಮಿರಗದ ಚುಕ್ಕಿಯನ್ನು ತೋರಿಸು ಎಂದರೆ, ಇಡೀ ರಾತ್ರಿ ಹುಡುಕಿದರೂ ಅದು ಸಿಕ್ಕದು. ಏಕೆ? ಮಿರಗ ಕೂಡುವುದೆಂದರೆ ಸೂರ್ಯನು ಆ ನಕ್ಷತ್ರವನ್ನು ಸೇರುವುದು; ಸೂರ್ಯನ ಜೊತೆಯಲ್ಲಿಯೇ ಮೂಡಿ ಅವನ ಜೊತೆಯಲ್ಲಿಯೇ ಮುಳುಗುವುದನ್ನು ಕಾಣುವುದೆಂತು? ಆರು ತಿಂಗಳು ಕಳೆದು, ಜೋಳದ ಹೊಲಗಳು ಹಸುರಾಗಿ ನಿಂತಿರುವ ಡಿಸೆಂಬರಿನ ನಡುರಾತ್ರಿಯಲ್ಲಿ, ಅದು ನೆತ್ತಿಯ ಮೇಲೆ ಬರುವುದು. ಔರಾದದ ಒಬ್ಬ ಮುದಿ ರೈತನಿಗೆ ನಾನು ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ನಮ್ಮಪ್ಪ ಜಲ್ಮೆಲ್ಲಾ ಕಾಣಲಾರದ ಚುಕ್ಕಿ ನಂಬಿ ಬಿತ್ಯಾನ್ರೀ" ಎಂದನು. ಅವನನ್ನೂ ಆ ಚಳಿಗಾಲದಲ್ಲಿ ಹೊಲಕ್ಕೆ ಕರೆದೊಯ್ದು ತೋರಿಸಿದೆವು.

ಹಗಲಿನ ಆಟಕ್ಕೆ ಶಂಕು ಸಾಕು. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದಲ್ಲಿ ಹೇಳಿರುವ ವಿಧಿಯಿದು. ನೀರು ಹೊಯ್ದು ಮಟ್ಟ ನೋಡಿದ ನೆಲದಲ್ಲಿ ಹನ್ನೆರಡಂಗುಲದ, ಎಂದರೆ ಒಂದು ಗೇಣಿನ, ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದೇ ಅಳತೆಯ ದಾರದಿಂದ ಸುತ್ತಲೂ ವೃತ್ತವನ್ನು ಬರೆಯಬೇಕು. ಬೆಳಗ್ಗೆ ಉದ್ದವಾಗಿದ್ದ ನೆರಳಿನ ತುದಿಯು ಕುಗ್ಗುತ್ತ ಬಂದು ವೃತ್ತವನ್ನು ಹೊಕ್ಕ ಕಡೆ ಒಂದು ಗುರುತು. ಮಧ್ಯಾಹ್ನದ ಮೇಲೆ ಬೆಳೆಯುತ್ತ ಹೊರಬಿದ್ದ ಕಡೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವಪಶ್ಚಿಮರೇಖೆ. ಆ ಎರಡು ಗುರುತುಗಳಿಂದ ಎರಡು ಕಮಾನುಗಳನ್ನು ಬರೆದರೆ ನಡುವೆ ಮೀನಿನ ಆಕಾರವಾಗುವುದು. ಅದರ ತಲೆಯಿಂದ ಬಾಲಕ್ಕೆ ಎಳೆದದ್ದೇ ದಕ್ಷಿಣೋತ್ತರರೇಖೆ. ವಿಷುವದ್ದಿನದಲ್ಲಿ ಬೀದರದ ಮಧ್ಯಾಹ್ನದ ನೆರಳು ಮೂರು ಮುಕ್ಕಾಲಂಗುಲಕ್ಕೆ ತುಸು ಹೆಚ್ಚು, ಔರಾದದಲ್ಲಿ ನಾಲ್ಕಂಗುಲಕ್ಕೆ ತುಸು ಕಡಿಮೆ. ಡಿಸೆಂಬರ್ 22ರ ಸುಮಾರಿಗೆ ಬೀದರದಲ್ಲಿ ಹತ್ತೂವರೆ ಅಂಗುಲ. ಮೇ 11ರ ಸುಮಾರಿಗೆ ಬೀದರದಲ್ಲಿ, ಒಂದೆರಡು ದಿನ ತಡೆದು ಔರಾದದಲ್ಲಿ, ಹನ್ನೆರಡು ಗಂಟೆ ಹದಿನಾರು ನಿಮಿಷದ ಸುಮಾರಿಗೆ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬಂದು ಕೋಲಿನ ನೆರಳು ಬುಡದಲ್ಲಿಯೇ ಅಡಗುವುದು. ಅಲ್ಲಿಂದ ಆಗಸ್ಟ್ 1ರವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುವುದು! ಇದನ್ನು ಮೊದಲ ಸಲ ಕಂಡಾಗ ನಾನು ದಿಕ್ಕುಗಳನ್ನೇ ತಪ್ಪಾಗಿ ಬರೆದೆನೆಂದು ಎರಡು ದಿನ ಒದ್ದಾಡಿದೆನು.

ನೆರಳನ್ನು ಬಲ್ಲ ಮಕ್ಕಳಿಗೆ ತ್ರೈರಾಶಿಕವು ತಾನಾಗಿ ಬರುವುದು. ಒಂದು ಮುಂಜಾನೆ, ಪೇಟೆಯ ಗದ್ದಲವೇಳುವುದಕ್ಕೆ ಮುಂಚೆ, ನಾವು ಬೀದರದ ಚೌಬಾರವನ್ನು ಅಳೆಯಲು ಹೋದೆವು. ಕೋಲಿನ ನೆರಳಿಗೆ ಕೋಲಾದರೆ ಗೋಪುರದ ನೆರಳಿಗೆ ಎಷ್ಟು? ಆ ಗೋಪುರದ ಎತ್ತರವು ಸುಮಾರು 71 ಅಡಿಯೆಂದು ಪ್ರಸಿದ್ಧಿ; ನಮ್ಮ ಲೆಕ್ಕವು ಅದಕ್ಕೆ ಸಾಕಷ್ಟು ಕಡಿಮೆ ಬಂದಿತು. ಮೊಮ್ಮಗಳು ಅಳುಮೋರೆ ಮಾಡಿದಳು. ಮನೆಗೆ ಬಂದು ಲೀಲಾವತಿಯ ಛಾಯಾವ್ಯವಹಾರವನ್ನು ತೆರೆದು ಕುಳಿತಾಗ ತಪ್ಪು ಹೊಳೆಯಿತು: ನೆರಳನ್ನು ಗೋಡೆಯ ಬುಡದಿಂದ ಅಳೆದಿದ್ದೆವು, ಗೋಪುರದ ತುದಿಯು ಗೋಡೆಯ ಮೇಲಲ್ಲ, ನಡುವಿನ ಮೇಲಿರುವುದು. ಮರುದಿನ ಹಗ್ಗದಿಂದ ಸುತ್ತಳತೆಯನ್ನು ತೆಗೆದು, ಅದರಿಂದ ವ್ಯಾಸಾರ್ಧವನ್ನು ಸಾಧಿಸಿ ಕೂಡಿಸಿದೆವು. ಲೆಕ್ಕವು ಹತ್ತಿರ ಬಂದಿತು. ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯ ಯಂತ್ರಾಧ್ಯಾಯದಲ್ಲಿ ಬಗೆಬಗೆಯ ಯಂತ್ರಗಳನ್ನು ವರ್ಣಿಸಿ, ಎಲ್ಲಕ್ಕಿಂತಲೂ ಮಿಗಿಲಾದುದು ಧೀಯಂತ್ರ, ಎಂದರೆ ಬುದ್ಧಿಯೆಂಬ ಯಂತ್ರವೆಂದು ಹೇಳಿದುದರ ಅರ್ಥವು ಅಂದು ನನಗಾಯಿತು.

ನಮ್ಮ ಊರಿಗೆ ಈ ವಿದ್ಯೆಯು ಹೊಸದಲ್ಲ. ಬಹಮನಿ ಸುಲ್ತಾನ ಫಿರೋಜ ಷಹನು 1407ರಲ್ಲಿ ದೌಲತಾಬಾದಿನ ಬಳಿ ವೇಧಶಾಲೆಯನ್ನು ಕಟ್ಟಿಸಲು ತೊಡಗಿದನೆಂದೂ, ಅದರ ಜ್ಯೋತಿಷಿಯು ತೀರಿಕೊಂಡುದರಿಂದ ಕೆಲಸವು ಅರ್ಧಕ್ಕೆ ನಿಂತಿತೆಂದೂ ಫಿರಿಷ್ತಾನ ಚರಿತ್ರೆಯಿಂದ ತಿಳಿಯುತ್ತದೆ. ವಜೀರ ಮಹಮೂದ ಗಾವಾನನು 1472ರಲ್ಲಿ ಬೀದರದಲ್ಲಿ ಕಟ್ಟಿಸಿದ ಮದರಸದಲ್ಲಿ ಗಣಿತ ಖಗೋಳಗಳ ಪಾಠವೂ ನಡೆಯುತ್ತಿದ್ದಿತು. ಒಂಬತ್ತು ವರ್ಷಗಳ ಬಳಿಕ ಆ ಸತ್ಪುರುಷನನ್ನು ಸುಳ್ಳು ಆರೋಪದ ಮೇಲೆ ಕೊಲ್ಲಿಸಿದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸಿಡಿದು ಕಟ್ಟಡದ ಒಂದು ಭಾಗವೂ ಹಾರಿಹೋಯಿತು. ನಾವು ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1901ರಲ್ಲಿ, ನವಾಬ ಜಫರ ಜಂಗರು ಹೈದರಾಬಾದಿನಲ್ಲಿ ಸ್ಥಾಪಿಸಿದ ನಿಜಾಮಿಯಾ ವೇಧಶಾಲೆಯು ಲೋಕದ ಇತರ ವೇಧಶಾಲೆಗಳೊಡನೆ ಸೇರಿ ಆಕಾಶದ ಪಟವನ್ನು ರಚಿಸುವ ಮಹಾಕಾರ್ಯದಲ್ಲಿ ಪಾಲುಗೊಂಡಿತು. ಇಷ್ಟೆಲ್ಲ ಇದ್ದ ನಾಡಿನಲ್ಲಿ ಹುಟ್ಟಿ ನಾನು ಆಕಾಶವನ್ನು ಪುಸ್ತಕದಲ್ಲಿ ಮಾತ್ರ ಓದಿದೆನು!

ಇಲ್ಲಿ ಗ್ರಹಣದ ಮಾತನ್ನೂ ಹೇಳಬೇಕು. 1980ರ ಫೆಬ್ರುವರಿ 16ರಂದು ಅಂಕೋಲೆ ಹುಬ್ಬಳ್ಳಿ ರಾಯಚೂರುಗಳ ಮೇಲೆ ಪೂರ್ಣಸೂರ್ಯಗ್ರಹಣವು ಹಾದುಹೋಯಿತು. ನಮ್ಮ ಕಡೆ ಸೂರ್ಯನ ಬಹುಭಾಗವು ಮುಚ್ಚಿದ್ದಿತು. ನಾನು ಆಗ ಪಾಠಶಾಲೆಯ ವಿದ್ಯಾರ್ಥಿ. ಬೀದಿಗಳು ನಿರ್ಜನವಾಗಿದ್ದುವು. ನಾವೆಲ್ಲರೂ ಕದಗಳನ್ನು ಭದ್ರಪಡಿಸಿಕೊಂಡು ಕತ್ತಲೆಯ ಕೋಣೆಯಲ್ಲಿ ಜಪಕ್ಕೆ ಕುಳಿತಿದ್ದೆವು. ಕಿಟಕಿಯ ಹಲಗೆಯಲ್ಲಿ ಸಣ್ಣದೊಂದು ರಂಧ್ರವಿದ್ದು, ಅದರಿಂದ ಎದುರಿನ ಗೋಡೆಯ ಮೇಲೆ ದುಂಡನೆಯ ಬೆಳಕು ಬೀಳುತ್ತಿದ್ದುದನ್ನು ನಿತ್ಯವೂ ಕಾಣುತ್ತಿದ್ದೆವು. ಅಂದು ಅದು ದುಂಡಗಿರಲಿಲ್ಲ. ಕುಡುಗೋಲಿನಂತೆ ಬಾಗಿ, ಸಣ್ಣದಾಗುತ್ತ ಹೋಯಿತು. ನಾವು ಬೆದರಿದೆವು. ಒಬ್ಬನು ಎದ್ದು ಆ ರಂಧ್ರಕ್ಕೆ ಬಟ್ಟೆಯನ್ನು ತುರುಕಿದನು. ಆ ಒಬ್ಬನು ನಾನೇ. ಆ ರಂಧ್ರವು ಗ್ರಹಣದ ಸೂರ್ಯನನ್ನು, ಕಣ್ಣಿಗೆ ಯಾವ ಅಪಾಯವೂ ಇಲ್ಲದಂತೆ, ನಮ್ಮ ಗೋಡೆಯ ಮೇಲೆ ಚಿತ್ರಿಸುತ್ತಿದ್ದಿತೆಂದು ನನಗೆ ತಿಳಿದುದು ಮೂವತ್ತೊಂಬತ್ತು ವರ್ಷಗಳ ಬಳಿಕ.

2019ರ ಡಿಸೆಂಬರ್ 26ರ ಬೆಳಗ್ಗೆ ಔರಾದದ ಅಂಗಳದಲ್ಲಿ ಬೇವಿನ ಮರದ ಕೆಳಗೆ ನೂರಾರು ಕುಡುಗೋಲುಗಳು ಬಿದ್ದಿದ್ದುವು. ಎಲೆಗಳ ನಡುವಿನ ಒಂದೊಂದು ಸಂದಿಯೂ ಒಂದೊಂದು ಸೂರ್ಯನನ್ನು ನೆಲಕ್ಕೆ ಇಳಿಸಿದ್ದಿತು. ಮೊಮ್ಮಗಳು ರೊಟ್ಟಿಯ ಜರಡಿಯನ್ನು ತಂದು ಹಿಡಿದಳು. ಜರಡಿಯ ಕಣ್ಣುಗಳಷ್ಟು ಗ್ರಹಣಗಳು ಗೋಡೆಯ ಮೇಲೆ ಮೂಡಿದುವು. ಹಿರಿಯರು ಗಂಗಾಳದ ನೀರಿನಲ್ಲಿ ಒನಕೆಯನ್ನು ನಿಲ್ಲಿಸಿ, ಗ್ರಹಣಕಾಲದಲ್ಲಿ ಮಾತ್ರ ಅದು ನಿಲ್ಲುವುದೆಂದರು. ಗ್ರಹಣವು ಬಿಟ್ಟ ಮರುದಿನ ಅದೇ ಗಂಗಾಳದಲ್ಲಿ ಅದೇ ಒನಕೆಯನ್ನು ಮಕ್ಕಳು ಮೆಲ್ಲನೆ ನಿಲ್ಲಿಸಿ ತೋರಿಸಿದರು. ಬುಡವು ಸಮನಾಗಿದ್ದರೆ ಅದು ಎಂದಾದರೂ ನಿಲ್ಲುವುದು. ಹಿರಿಯರೂ ನಕ್ಕರು. ಆದರೆ ಎಲ್ಲವೂ ನಗುವ ಮಾತಲ್ಲ. ಅದೇ ಬೆಳಗ್ಗೆ ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಒಂದು ಗ್ರಾಮದಲ್ಲಿ, ಅಂಗವೈಕಲ್ಯವು ಗುಣವಾಗುವುದೆಂದು ನಂಬಿ, ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರೆಂಬ ವಾರ್ತೆಯು ಬಂದಿತು. ಆ ತಾಯಿತಂದೆಗಳನ್ನು ಹಳಿಯಲು ನನಗೆ ಬಾಯಿ ಬರಲಿಲ್ಲ. ಬೆಳಕಿನ ರಂಧ್ರಕ್ಕೆ ಬಟ್ಟೆ ತುರುಕಿದವನು ನಾನು. ಅವರಿಗೆ ಕಲಿಸಬೇಕಾಗಿದ್ದವರೂ ನನ್ನಂತಹ ಮೇಷ್ಟರುಗಳೇ ಅಲ್ಲವೆ?

ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ನೀರಿನಲ್ಲಿ ಬಿದ್ದ ಪ್ರತಿಬಿಂಬದಿಂದಾಗಲಿ, ದುರ್ಬೀನಿನಿಂದಾಗಲಿ ಎಂದಿಗೂ ನೋಡಕೂಡದು. ರಂಧ್ರದಿಂದ ಗೋಡೆಯ ಮೇಲೆ ಬಿದ್ದ ಬಿಂಬವನ್ನು ಮಾತ್ರ ನೋಡಬೇಕು. ಈ ಆಟಕ್ಕೆ ಗ್ರಹಣವೇ ಬೇಕೆಂದಿಲ್ಲ. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಕತ್ತಲೆಯ ಕೋಣೆಯಲ್ಲಿ ಬಿಂಬವನ್ನು ಹಿಡಿದು, ತೂತಿನಿಂದ ಬಿಂಬಕ್ಕಿರುವ ದೂರವನ್ನು ಬಿಂಬದ ಅಗಲದಿಂದ ಭಾಗಿಸಿರಿ. ಸುಮಾರು 108 ಬರುವುದು. ಸೂರ್ಯನ ದೂರಕ್ಕೂ ಸೂರ್ಯನ ವ್ಯಾಸಕ್ಕೂ ಇರುವ ಪ್ರಮಾಣವೂ ಇದೇ. ಜಪಮಾಲೆಯ ಮಣಿಗಳ ಸಂಖ್ಯೆಯು ಗೋಡೆಯ ಮೇಲೆ ಬಂದುದನ್ನು ಕಂಡು ನನ್ನ ಮನೆಯವರು ಕೈಮುಗಿದರು. ಮೊಮ್ಮಗಳು ಇನ್ನೊಮ್ಮೆ ಅಳೆದಳು. ಇಬ್ಬರದೂ ಸರಿಯೆಂದೇ ನನ್ನ ಮತ.

ಇನ್ನು ನನ್ನ ಮೇಲೆ ಬಂದ ಒಂದು ಸಂಕಟವನ್ನು ಹೇಳಿ ಮುಗಿಸುವೆನು. 2023ರ ಏಪ್ರಿಲಿನಲ್ಲಿ ಬೀದರದ ಮಾಳಿಗೆಯ ಮೇಲೆ ಎಂದಿನಂತೆ ಸಪ್ತರ್ಷಿಗಳನ್ನು ನೋಡುತ್ತಿದ್ದೆವು. ಮಕ್ಕಳು ಅರುಂಧತಿಯನ್ನು ಕಂಡರು. ನನಗೆ ವಸಿಷ್ಠನೊಬ್ಬನೇ, ಅದೂ ಮಂಜಿನೊಳಗಿನಂತೆ, ಕಂಡನು. ಬೀದಿದೀಪಗಳ ದೋಷವೆಂದುಕೊಂಡೆನು. ಔರಾದದ ಕತ್ತಲೆಯ ಹೊಲಕ್ಕೆ ಹೋಗಿ ನೋಡಿದೆನು, ಅಲ್ಲಿಯೂ ಕಾಣಲಿಲ್ಲ. ಆಗ ಚರಕಸಂಹಿತೆಯ ಇಂದ್ರಿಯಸ್ಥಾನದ ಮಾತು ನೆನಪಿಗೆ ಬಂದಿತು: ಸಪ್ತರ್ಷಿಗಳ ಸಮೀಪದಲ್ಲಿರುವ ಅರುಂಧತಿಯನ್ನು ಕಾಣದವನಿಗೆ ವರ್ಷದೊಳಗಾಗಿ ಮರಣವೆಂದು ಅಲ್ಲಿ ಅರಿಷ್ಟಲಕ್ಷಣವನ್ನು ಹೇಳಿದೆ. ವಿಚಾರವಂತನೆಂದು ಹೆಮ್ಮೆಪಡುತ್ತಿದ್ದವನು ಒಂದು ತಿಂಗಳು ಯಾರಿಗೂ ಹೇಳದೆ ಒಳಗೊಳಗೆ ಬೆಂದೆನು. ಕಾಗದಪತ್ರಗಳನ್ನು ಒಂದೆಡೆ ಕಟ್ಟಿಟ್ಟೆನು. ರಾತ್ರಿ ಮಕ್ಕಳು "ಕಾಣಿಸಿತೇನು ಮುತ್ಯಾ?" ಎಂದರೆ, "ಕಾಣಿಸಿತು" ಎನ್ನುತ್ತಿದ್ದೆನು. ಭಾಲ್ಕಿಯ ಅಂಗಳದಲ್ಲಿ ಆ ಹುಡುಗಿಯಿಂದ ಆಡಿಸಿದ ಮಾತನ್ನು ಈಗ ನಾನು ದಿನವೂ ಆಡತೊಡಗಿದೆನು.

ಮೊಮ್ಮಗಳಿಗೆ ಸಂಶಯ ಬಂದಿತು. ಒಂದು ರಾತ್ರಿ ಅವಳು, "ಅರುಂಧತಿ ವಸಿಷ್ಠನ ಯಾವ ಕಡಿ ಅದಾಳ ಹೇಳು" ಎಂದು ಕೇಳಿದಳು. ನಾನು ತಪ್ಪು ಹೇಳಿದೆನು. ಗೋಡೆಯಾಚೆ ಕುಳಿತಿದ್ದ ನೆರೆಯವರು ಎಲ್ಲವನ್ನೂ ಕೇಳಿಸಿಕೊಂಡು ಹತ್ತಿರ ಬಂದರು. ಆ ನಕ್ಷತ್ರವನ್ನು ಅರಬರು ಸುಹಾ ಎನ್ನುವರೆಂದೂ, ಅದರಿಂದ ಹಿಂದಿನವರು ಕಣ್ಣನ್ನು ಪರೀಕ್ಷಿಸುತ್ತಿದ್ದರೆಂದೂ ಹೇಳಿ, "ಮಾಸ್ತರ ಸಾಬ, ಇದು ಸಾವಿನ ಸುದ್ದಿ ಅಲ್ಲ, ಕಣ್ಣಿನ ಸುದ್ದಿ. ನಾಳಿಗೇ ಡಾಕ್ಟರಿಗೆ ತೋರಸ್ರಿ" ಎಂದರು. ತೋರಿಸಿದುದಾಯಿತು, ಎರಡು ಕಣ್ಣಿನಲ್ಲಿಯೂ ಪೊರೆ ಬೆಳೆದಿದ್ದಿತು. ಇನ್ನೂ ತಡಮಾಡಿದ್ದರೆ ಮೆಟ್ಟಿಲು ಎಡವಿ ಬಿದ್ದು ಚರಕನ ವಾಕ್ಯವನ್ನು ಬೇರೆ ರೀತಿಯಲ್ಲಿ ನಿಜಮಾಡುತ್ತಿದ್ದೆನೋ ಏನೋ. ಪೂರ್ವಿಕರು ಲಕ್ಷಣವನ್ನು ಸರಿಯಾಗಿಯೇ ಕಂಡಿದ್ದರು. ಮುಪ್ಪಿನಲ್ಲಿ ಕಣ್ಣು ಕುಂದುವುದು ದೇಹವು ಕುಂದುವುದರ ಗುರುತೆಂದು ಅವರು ಬಗೆದಿರಬೇಕು. ಅವರ ಕಾಲದಲ್ಲಿ ಇಲ್ಲದ ಮದ್ದು ನಮ್ಮ ಕಾಲದಲ್ಲಿದೆ, ಅಷ್ಟೇ. ಶಸ್ತ್ರಚಿಕಿತ್ಸೆಯ ಬಳಿಕ, ಮಳೆಗಾಲವು ಕಳೆದು, ಮುಂದಿನ ವಸಂತದಲ್ಲಿ ಸಪ್ತರ್ಷಿಗಳು ಸಾಯಂಕಾಲದ ಆಕಾಶಕ್ಕೆ ಮರಳಿದಾಗ ನಾನು ಅರುಂಧತಿಯನ್ನು ಪುನಃ ಕಂಡೆನು.

ಈ ದಂಪತಿಗಳ ವಿಷಯವಾಗಿ ಒಂದು ಮಾತು. ಇವರು ನಮ್ಮಿಂದ ಸುಮಾರು ಎಂಬತ್ತು ಜ್ಯೋತಿರ್ವರ್ಷಗಳ ದೂರದಲ್ಲಿರುವರು. ನಾನಿಂದು ಕಾಣುವ ಬೆಳಕು ನಾನು ಹುಟ್ಟುವುದಕ್ಕೆ ಮೊದಲೇ ಹೊರಟುದು. ದೂರದರ್ಶಕಯಂತ್ರದಿಂದ ನೋಡಿದರೆ ವಸಿಷ್ಠನೊಬ್ಬನೇ ಇಬ್ಬರಾಗಿ ತೋರುವನು. ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿ ಅವನಲ್ಲಿ ನಾಲ್ಕು ನಕ್ಷತ್ರಗಳೂ ಅರುಂಧತಿಯಲ್ಲಿ ಎರಡೂ ಇವೆಯೆಂದು ವಿದ್ವಾಂಸರು ನಿಶ್ಚಯಿಸಿದ್ದಾರೆ. ಹೀಗೆ ಅರುಂಧತೀನ್ಯಾಯವು ಅರುಂಧತಿಯಲ್ಲಿಗೂ ಮುಗಿಯಲಿಲ್ಲ. ಸೂಕ್ಷ್ಮದ ಮಗ್ಗುಲಲ್ಲಿ ಇನ್ನೂ ಸೂಕ್ಷ್ಮವಾದುದೊಂದು ಕಾದಿರುತ್ತದೆ.

ಆ ವಸಂತದಲ್ಲಿಯೇ ಭಾಲ್ಕಿಗೆ ಹೋಗುವ ಪ್ರಸಂಗ ಬಂದು, ನನ್ನ ಹಳೆಯ ಶಿಷ್ಯೆಯ ಮನೆಯಲ್ಲಿ ಒಂದು ರಾತ್ರಿ ಉಳಿದೆನು. ಅವಳಿಗೆ ಈಗ ಎರಡು ಮಕ್ಕಳು. ಊಟವಾದ ಮೇಲೆ ದಂಪತಿಗಳನ್ನೂ ಮಕ್ಕಳನ್ನೂ ಮಾಳಿಗೆಗೆ ಕರೆದುಕೊಂಡು ಹೋಗಿ, ಇಪ್ಪತ್ತು ವರ್ಷಗಳ ಹಿಂದೆ ನಾನು ಮಾಡಿದ ಅಪರಾಧವನ್ನು ಹೇಳಿ, ಮೊದಲು ಬಾಲವನ್ನು, ಅನಂತರ ವಸಿಷ್ಠನನ್ನು, ಅನಂತರ ಅವನ ಮಗ್ಗುಲನ್ನು ತೋರಿಸಿದೆನು. ಮಕ್ಕಳು ಕೂಡಲೇ ಕಂಡರು. ಅವಳು ಸ್ವಲ್ಪ ಹೊತ್ತು ಕತ್ತೆತ್ತಿ ನೋಡಿ, "ಈಗ ಖರೇನೇ ಕಾಣಿಸ್ತರಿ ಸರ" ಎಂದಳು.

ವಾಚಕರಲ್ಲಿ ನನ್ನ ಬಿನ್ನಹವಿಷ್ಟೇ. ಪಕ್ಷಕ್ಕೊಂದು ರಾತ್ರಿ ಮನೆಯ ದೀಪಗಳನ್ನು ಆರಿಸಿ, ಹಿರಿಯರೂ ಕಿರಿಯರೂ ಕೂಡಿ ಮಾಳಿಗೆಯನ್ನೇರಿರಿ. ಕಂಡುದನ್ನು ಕಂಡಿತೆನ್ನಿರಿ, ಕಾಣದುದನ್ನು ಕಾಣಲಿಲ್ಲವೆನ್ನಿರಿ.